ಬಿಟ್ಟ ಚುಕ್ಕಿ ಸೇರಿಸಲು ಹೋಗಿ

ರಂಗೋಲಿಯ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜನ್ನಾಪುರದ ನಮ್ಮ ಬೀದಿಯಲ್ಲಿ ನನ್ನಷ್ಟು ನೆಟ್ಟಗೆ ಎಳೆ ಎಳೆಯುವವರು ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಲು ಮುಖ ಇರುವುದಿಲ್ಲ.

ಮಗಳು ಸುಮ ಶಿವಮೊಗ್ಗದ ರವೀಂದ್ರನಗರದಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ, ಮಕ್ಕಳಿಗೆ ಚಿತ್ರದ ಕ್ಲಾಸು ನಡೆಸುತ್ತಾಳೆ. ಸೇರಿದ ಮಕ್ಕಳು ಒಬ್ಬೊಬ್ಬರಾಗಿ ಬಿಡುತ್ತಿದ್ದರು. ಆ ಭಾನುವಾರ ಸಂಜೆ ಅಪ್ಪ ಅಮ್ಮಂದಿರನ್ನು ಕರೆದಿದ್ದಳು. ಅವರು ಮೆಚ್ಚಿದರೆ ಕ್ಲಾಸು ಉಳಿಯುತ್ತದೆ, ಇಲ್ಲದಿದ್ದರೆ ಬಾಗಿಲು ಹಾಕಬೇಕು. ಸಹಾಯಕ್ಕೆಂದು ನನ್ನನ್ನು ಕರೆಸಿಕೊಂಡಳು. ಅದು ಅವಳ ತಪ್ಪು.

ಪರದೇಶದಲ್ಲಿ ಈಗಿನ ಕಾಲದ ಚಿತ್ರಗಾರ್ತಿಯೊಬ್ಬಳು ಇದ್ದಾಳಂತೆ. ಬರೀ ಚುಕ್ಕಿ ಇಡುತ್ತಾಳಂತೆ, ಜನ ಸಾಲಾಗಿ ನಿಂತು ನೋಡುತ್ತಾರಂತೆ. ಅವಳ ಹಾಗೇ ನಮ್ಮ ಮಕ್ಕಳೂ ನೆಲಕ್ಕೆ ಹಾಸಿದ ದೊಡ್ಡ ಬಿಳಿ ಬಟ್ಟೆಯ ತುಂಬ ಬಣ್ಣದ ಚುಕ್ಕಿ ಇಟ್ಟಿದ್ದರು. ಒಂದು ಸಾಸಿವೆಯಷ್ಟು, ಒಂದು ಲಾಡುವಿನಷ್ಟು.

ಸುಮ ಬಿಸ್ಕತ್ತು ತರಲು ಹೋದಳು. ನಾನು ಬಟ್ಟೆ ನೋಡಿದೆ. ಚುಕ್ಕಿ ಇಟ್ಟು ಎಳೆ ಎಳೆಯದೆ ಬಿಟ್ಟಿದ್ದಾರೆ! ಹೊಸಿಲ ಮುಂದೆ ಯಾರಾದರೂ ಹಾಗೆ ಬಿಡುತ್ತಾರೆಯೇ? ಬಂದವರು ಏನೆಂದುಕೊಂಡಾರು?

ಮಾನ್ವಿ ಎಂಬ ಪುಟ್ಟ ಹುಡುಗಿ, "ಅಜ್ಜಿ, ಸೇರಿಸ್ಬಾರ್ದು, ಮಿಸ್ ಹೇಳಿದಾರೆ" ಎಂದಳು.

"ನಿಮ್ಮ ಮಿಸ್‌ಗೆ ಚುಕ್ಕಿ ಇಡೋದು ಕಲಿಸಿದ್ದೇ ನಾನು. ಸುಮ್ನಿರು ಮಾರಾಯ್ತಿ."

ಕೆಂಪು ಬಣ್ಣದ ಡಬ್ಬಿ, ಕುಂಚ ಹಿಡಿದು ಕೆಲಸ ಆರಂಭಿಸಿದೆ. ಮಕ್ಕಳಿಗೆ ಪಾಠವೂ ಆಯಿತು: ಎಳೆ ಎಲ್ಲಿ ಹೊರಟಿತೋ ಅಲ್ಲಿಗೇ ಬಂದು ಮುಚ್ಚಬೇಕು. ಆದರೆ ಆ ವಕ್ರ ಚುಕ್ಕಿಗಳಲ್ಲಿ ಎಳೆ ಮುಚ್ಚುವುದೇ ಇಲ್ಲ. ಮುಚ್ಚಲೆಂದು ಹೊಸ ಚುಕ್ಕಿ ಇಟ್ಟೆ. ಅದಕ್ಕೊಂದು ಜೊತೆ ಬೇಕಾಯಿತು. ನನಗೆ ಮಂಡಿ ನೋವು, ಬಗ್ಗಲಾರೆ. ಕೂತು ಎಳೆ ಎಳೆಯುವುದು, ಕೂತಲ್ಲೇ ಪಕ್ಕಕ್ಕೆ ಸರಿಯುವುದು, ಮತ್ತೆ ಎಳೆಯುವುದು. ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದರು. ಭಕ್ತಿಯಿಂದ ಕಲಿಯುತ್ತಿದ್ದಾರೆ ಎಂದುಕೊಂಡೆ.

ಸುಮ ಬಂದು ಬಾಗಿಲಲ್ಲೇ ನಿಂತಳು. ಮುಂದೆ ನನ್ನ ಎಳೆಗಳು ಹಾವಿನ ಗುಂಪಿನಂತೆ ಬಿದ್ದಿದ್ದವು. ನಾನು ಸರಿದ ದಾರಿಯುದ್ದಕ್ಕೂ ಬಟ್ಟೆ ಕೆಸರುಗದ್ದೆ. ಚುಕ್ಕಿ ಇನ್ನೂ ಹಸಿ ಇದ್ದವೆಂದು ನನಗೆ ಯಾರು ಹೇಳಿದ್ದರು?

ಅವಳು ಅಳಲಿಲ್ಲ, ಬೈಯಲಿಲ್ಲ. ಬಿಸ್ಕತ್ತಿನ ಪೊಟ್ಟಣ ಹಿಡಿದೇ ಗೋಡೆಗೆ ಒರಗಿದಳು. ಬೈದಿದ್ದರೇ ವಾಸಿಯಿತ್ತು. ಅಪ್ಪ ಅಮ್ಮಂದಿರು ಬರುವ ಹೊತ್ತಾಗಿತ್ತು. ನಾನು ಕುಂಚ ಕೆಳಗಿಟ್ಟು ಕಷ್ಟಪಟ್ಟು ಎದ್ದು, ಒಳಗೆ ಹೋಗಲು ಅವಳಿಗೆ ಬೆನ್ನು ಮಾಡಿದೆ.

"ಅಮ್ಮ, ಅಲ್ಲೇ ನಿಂತ್ಕೋ" ಎಂದಳು. ಹತ್ತಿರ ಬಂದು ನನ್ನ ಸೀರೆಯ ಹಿಂಭಾಗವನ್ನು ಅಗಲಿಸಿ ನೋಡಿದಳು. ಆಮೇಲೆ, "ಸೀರೆ ಬಿಚ್ಚಿ ಕೊಡು."

ಬಟ್ಟೆಯ ಚುಕ್ಕಿಗಳೆಲ್ಲ ನನ್ನ ಬಿಳಿ ವಾಯಿಲ್ ಸೀರೆಗೆ ಬಂದು ಕೂತಿದ್ದವು. ಒಂದರ ಮೇಲೊಂದು, ಕೆಂಪು, ಹಳದಿ, ನೀಲಿ. ಸುಮ ನೆಲದ ಬಟ್ಟೆಯನ್ನು ಸುತ್ತಿಟ್ಟು, ಸೀರೆಯನ್ನು ಗೋಡೆಯುದ್ದಕ್ಕೂ ಹರಡಿ ಮೊಳೆಗೆ ಕಟ್ಟಿದಳು. ನಾನು ಜನ್ಮದಲ್ಲಿ ಮೊದಲ ಸಲ ನೈಟಿ ತೊಟ್ಟು ಒಳಕೋಣೆಯ ಪರದೆಯ ಹಿಂದೆ ನಿಂತೆ.

ಬಂದವರು ಸೀರೆಯ ಮುಂದೆ ನಿಂತರು. ಚೆನ್ನಾಗಿದೆ ಎಂದರು. ಮಗುವನ್ನು ಬಿಡಿಸಬೇಕೆಂದಿದ್ದ ತಾಯಿಯೊಬ್ಬಳು ತಂಗಿಯ ಮಗನನ್ನೂ ಸೇರಿಸುತ್ತೇನೆ ಎಂದಳು. ನನ್ನ ಎದೆ ಉಬ್ಬಿತು. ಪರದೆ ಸರಿಸಿ ಹೊರಗೆ ಬರೋಣವೇ ಎಂದುಕೊಳ್ಳುವಷ್ಟರಲ್ಲಿ ಒಬ್ಬರು ಮಾನ್ವಿಯನ್ನು ಕೇಳಿದರು, ಇದನ್ನು ಯಾವ ಕುಂಚದಲ್ಲಿ ಮಾಡಿದಿರಿ ಎಂದು.

"ಕುಂಚ ಅಲ್ಲ ಅಂಕಲ್. ಅಜ್ಜಿ ಕೂತ್ಕೊಂಡು ಮಾಡಿದ್ದು."

ಪರದೆಯನ್ನು ಇನ್ನೊಂದಿಷ್ಟು ಎಳೆದುಕೊಂಡೆ. ಇಷ್ಟು ವರ್ಷ ಕೈಯಲ್ಲಿ ಹಾಕಿದ ರಂಗೋಲಿಯನ್ನೆಲ್ಲ ಜನ ತುಳಿದುಕೊಂಡು ಹೋದರು. ಗೋಡೆ ಹತ್ತಿದ್ದು ಇದೊಂದೇ.