ಮಾವ ಮತ್ತು ಹೊಟ್ಟೆಯೊಳಗಿನ ಖಾಲಿ ಜಾಗ

ನನ್ನ ಸೋದರಮಾವನಿಗೆ ಯಾರ ಮುಖವೂ ಕಾಣುತ್ತಿರಲಿಲ್ಲ, ನೇರವಾಗಿ ಹೊಟ್ಟೆಯೊಳಗಿನ ಖಾಲಿ ಜಾಗವೇ ಕಾಣುತ್ತಿತ್ತು! ರಾಣೆಬೆನ್ನೂರಿನ ಕಾಲೇಜಿನಲ್ಲಿ ಅವನು ಪ್ರಾಣಿಶಾಸ್ತ್ರ ಕಲಿಸುತ್ತಿದ್ದ. ಕರುಳಿಗೂ ಮೈಗೋಡೆಗೂ ನಡುವೆ ಜಾಗ ಇದೆಯೋ ಇಲ್ಲವೋ ಎಂಬುದರ ಮೇಲೆಯೇ ಜೀವಿಗಳ ಅಂತಸ್ತು ನಿಂತಿದೆ ಎನ್ನುವುದು ಅವನ ವೇದ. ಚಪ್ಪಟೆಹುಳಕ್ಕೆ ಆ ಜಾಗವೇ ಇಲ್ಲ. ಜಂತುಹುಳಕ್ಕೆ ಇದೆ, ಆದರೆ ಹುಸಿ. ಎರೆಹುಳದಿಂದ ನಮ್ಮತನಕ ಅಪ್ಪಟ ದೇಹಕುಹರ! "ಜಂತುಹುಳ ಅಂದ್ರ ಅಸ್ತರ ಸರಿ ಹಚ್ಚದ ಕೋಟು. ಎರೆಹುಳದ್ದು ಪೂರಾ ಅಸ್ತರ," ಎನ್ನುತ್ತಿದ್ದ.

ಅಕ್ಕನನ್ನು ನೋಡಲು ಬ್ಯಾಡಗಿಯಿಂದ ಗಂಡು ಬಂದಾಗ ಉಳಿದವರು ನೌಕರಿ ವಿಚಾರಿಸಿದರು. ಮಾವ ಕೇಳಿದ್ದು, "ಎರೆಹುಳಕ್ಕೂ ಜಂತುಹುಳಕ್ಕೂ ಏನು ಫರಕ್ ಹೇಳ್ರಿ?"

ಗಂಡು ಉಪ್ಪಿಟ್ಟಿನ ತಾಟು ಮೆಲ್ಲಗೆ ಕೆಳಗಿಟ್ಟ. "ಎರಡೂ ಬ್ಯಾಡ್ರಿ, ಚಹಾ ಸಾಕು."

ಇಂಥ ಮಾವನ ಜೊತೆ ಎಂಬತ್ತರ ದಶಕದ ಕೊನೆಯ ಒಂದು ದೀಪಾವಳಿಗೆ, ಕದರಮಂಡಲಗಿ ಕಡೆಯ ಹಳ್ಳಿಯೊಂದಕ್ಕೆ ಹೋರಿ ಬೆದರಿಸುವ ಆಟ ನೋಡಲು ಹೋದೆ. ನಾನಾಗ ಬಿ.ಎಸ್ಸಿ. ವಿದ್ಯಾರ್ಥಿನಿ, ಬುದ್ಧಿ ಇರಬೇಕಿತ್ತು. ಕೊಬ್ಬರಿ ಸರ ಕಟ್ಟಿದ ಹೋರಿ ನುಗ್ಗಿ ಬಂದಾಗ ಊರಿಗೆ ಊರೇ ಕಟ್ಟೆ ಹತ್ತಿತು. ಮಾವ ಮಾತ್ರ ಬೀದಿಯ ನಡುವೆ ನಿಂತು ಬೆರಳು ಮಾಡಿದ: "ಹೊಟ್ಟಿ ನೋಡ ತಂಗಿ ಅದರದು! ಎಂಥಾ ಕುಹರ!"

ಮರುಕ್ಷಣ ಹೋರಿಯೇ ಅವನ ಕುಹರದ ತಪಾಸಣೆಗೆ ಇಳಿಯಿತು.

ಈಗಲೂ ಕಣ್ಣು ಮುಚ್ಚಿದರೆ ಮೊದಲು ಕೊಂಬು, ಆಮೇಲೆ ಕೆಂಪಾಗುತ್ತಿರುವ ಬಿಳಿ ಅಂಗಿ. ಕಟ್ಟೆಯತ್ತ ಹೊರಟಿದ್ದ ನಾನು ಅವನಿಂದ ಒಂದೇ ಹೆಜ್ಜೆ ದೂರದಲ್ಲಿದ್ದೆ. ಕೈ ಹಿಡಿದು ಎಳೆದಿದ್ದರೆ?

ಅಜ್ಜನೊಬ್ಬ ಮುಷ್ಟಿ ಅರಿಶಿನ ತಂದು ಗಾಯದೊಳಗೆ ಸುರಿಯಲು ಬಗ್ಗಿದ. ಮಲಗಿದಲ್ಲಿಂದಲೇ ಮಾವ ಗದರಿದ: "ಏ ಅಜ್ಜಾ, ಅದೇನು ಸಾರೇನು? ಒಳಗ ಏನೂ ಹಾಕಬ್ಯಾಡ್ರಿ. ಒದ್ದಿ ಬಟ್ಟಿ ಮುಚ್ಚರಿ, ಲಗೂ!"

ಟೆಂಪೋದಲ್ಲಿ ಹಾವೇರಿಯ ಆಸ್ಪತ್ರೆಗೆ ಒಯ್ಯುವಾಗ ದಾರಿಯುದ್ದಕ್ಕೂ ನನಗೆ ಪರೀಕ್ಷೆ!

"ಚಪ್ಪಟೆಹುಳಕ್ಕ ಕುಹರ?"

"ಇಲ್ಲ ಮಾವಾ."

"ಬಸವನಹುಳಕ್ಕ?"

"ಐತಿ, ಸಣ್ಣದು. ಸುಮ್ನ ಮಲಗೋ ಮಾವಾ!"

ಸಾಯುವ ಹೊತ್ತಿಗೂ ಮಾಸ್ತರಿಕೆ ಬಿಡದ ಪ್ರಾಣಿ ಎಂದು ಅಳುತ್ತಲೇ ಬೈದುಕೊಂಡೆ.

ಪುಣ್ಯಕ್ಕೆ ಕರುಳಿಗೆ ಪೆಟ್ಟಾಗಿರಲಿಲ್ಲ, ಮಾವ ಉಳಿದ. ವಾರದ ಮೇಲೆ ಗಂಜಿ ಕುಡಿಸುತ್ತಾ ಜಗಳ ತೆಗೆದೆ: "ಜೀವ ಹೋಗೂ ಹೊತ್ತಿನಾಗ ಯಾರರೆ ಪ್ರಶ್ನೆ ಕೇಳತಾರೇನು?"

ಅವನು ಕಿಟಕಿಯ ಕಡೆ ಮುಖ ತಿರುಗಿಸಿದ.

"ಉತ್ತರ ನಂಗ ಗೊತ್ತೇ ಇದ್ದುವು ತಂಗಿ. ಕಣ್ಣಿಗೆ ಕತ್ತಲಿ ಬರಾಕತ್ತಿತ್ತು. ನೀ ಮಾತಾಡೋದು ಕೇಳಸ್ತಿತ್ತು ನೋಡು, ಅಲ್ಲೀತನಕ ನಾ ಇದ್ದೀನಿ ಅಂತ ಗೊತ್ತಾಗತಿತ್ತು."