ಕಜ್ಜಾಯದ ಎಣ್ಣೆ ಕುಡಿದ ಗರಗಸ

ಮನೆಗೆ ಹೊಸ ಯಂತ್ರ ಬಂದ ದಿನ ಮನುಷ್ಯನಿಗೆ ತಾನೂ ಅರ್ಧ ಮೆಕ್ಯಾನಿಕ್ ಆದೆ ಅನ್ನಿಸಿಬಿಡುತ್ತದೆ. ನನಗಂತೂ ಮಿಕ್ಸಿ ಬಂದ ದಿನವೇ ಹಾಗೆ ಅನ್ನಿಸಿತ್ತು. ಅದರ ತಳ ಬಿಚ್ಚಿ ನೋಡಿದ್ದರಿಂದ ಬಹಳ ಕಾಲ ನಮ್ಮ ಮನೆಯ ಚಟ್ನಿ ಒರಳಿನಲ್ಲೇ ಆಯಿತು. ಇಷ್ಟಾದರೂ ಬುದ್ಧಿ ಬರಲಿಲ್ಲ. ಮಧುರೆ ಹೋಬಳಿಯ ನಮ್ಮ ತುಂಡು ಹೊಲದಲ್ಲಿ ನೀಲಗಿರಿ ತಾನಾಗಿ ಚಿಗುರಿ ಕಾಡಾಗಿತ್ತು. ಅದನ್ನು ಸವರಲೆಂದು ಪೆಟ್ರೋಲಿನಲ್ಲಿ ಓಡುವ ಗರಗಸವೊಂದನ್ನು ದೊಡ್ಡಬಳ್ಳಾಪುರದಿಂದ ತಂದೆ. ಹಗಲೆಲ್ಲ ಕಾರ್ಖಾನೆಯಲ್ಲಿ ಹಾಜರಾತಿ ಬರೆಯುವ ನನಗೆ, ಭಾನುವಾರ ಅದನ್ನು ಹೆಗಲ ಮೇಲಿಟ್ಟುಕೊಂಡು ಬೀದಿಯಲ್ಲಿ ನಡೆಯುವುದೇ ಒಂದು ಸುಖ.

ಈ ಗರಗಸಕ್ಕೆ ಎರಡು ಹೊಟ್ಟೆ. ಒಂದಕ್ಕೆ ಪೆಟ್ರೋಲು, ಇನ್ನೊಂದಕ್ಕೆ ಎಣ್ಣೆ. ಉದ್ದನೆಯ ಅಲಗಿನ ಸುತ್ತ ಓಡುವ ಹಲ್ಲಿನ ಚೈನು ಬಿಸಿಯಾಗಿ ಕಚ್ಚಿಕೊಳ್ಳದಿರಲೆಂದು ಎಣ್ಣೆ ಜಿನುಗುತ್ತಲೇ ಇರಬೇಕು. ಜಿನುಗಿದ ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಹಿತ್ತಲಿನ ನುಗ್ಗೆಕೊಂಬೆ ಕೊಯ್ದ ದಿನ ನನ್ನ ಹೆಂಡತಿ ಸರೋಜ ಅದನ್ನು ಕಂಡುಹಿಡಿದಳು. ಕೆಳಗಿದ್ದ ಅವಳ ದಂಟಿನ ಸೊಪ್ಪಿನ ಪಾತಿಯ ತುಂಬ ಕಪ್ಪು ಹನಿಗಳು. ಒಂದು ಗಿಡ ಕಿತ್ತು ತಂದು ನನ್ನ ಮುಂದೆ ಹಿಡಿದಳು.

"ಇದನ್ನ ಸಾರಿಗೆ ಹಾಕ್ಲಾ, ನಿಮ್ಮ ಮಿಷನ್‌ಗೇ ವಾಪಸ್ ಹಾಕ್ಲಾ?"

ಪರಿಹಾರವನ್ನೂ ಅವಳೇ ಹೇಳಿದಳು. ದೀಪಾವಳಿಯ ಕಜ್ಜಾಯ ಕರಿದು ಉಳಿದ ಎಣ್ಣೆ ಬಾಣಲೆಯಲ್ಲಿತ್ತು. ಚೆಲ್ಲಲು ಅವಳಿಗೆ ಮನಸ್ಸಿಲ್ಲ, ಮತ್ತೆ ಅದರಲ್ಲೇ ಕರಿದುಕೊಡಲು ನನ್ನ ಕೊಲೆಸ್ಟ್ರಾಲು ಬಿಡುವುದಿಲ್ಲ. ಅದನ್ನೇ ಬಟ್ಟೆಯಲ್ಲಿ ಸೋಸಿ ಗರಗಸಕ್ಕೆ ಹುಯ್ದೆವು. ಹೇಳಿದರೆ ನಂಬುವುದಿಲ್ಲ, ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಕೊಯ್ಯಿತು. ನೀಲಗಿರಿಯ ಹೊಟ್ಟು ಹಾರಿದ ಕಡೆಯೆಲ್ಲ ಹಬ್ಬದ ಅಡುಗೆಮನೆಯ ವಾಸನೆ. ಬೀದಿನಾಯಿಯೊಂದು ಬಂದು ಸಂಜೆಯವರೆಗೂ ಆಸೆಯಿಂದ ಕೂತಿತ್ತು. ಕೆಲಸ ಮುಗಿಸಿ, ಗರಗಸವನ್ನು ಹಾಗೆಯೇ ಸಾಮಾನಿನ ಕೋಣೆಯ ಮೂಲೆಯಲ್ಲಿಟ್ಟೆ. ಒಳಗಿನ ಎಣ್ಣೆಯನ್ನು ಬಸಿದು ಒರೆಸಬೇಕಿತ್ತಂತೆ. ಹುಯ್ಯುವುದನ್ನು ಮಾತ್ರ ಇಬ್ಬರೂ ಯೋಚಿಸಿದ್ದೆವು.

ಬೇಸಿಗೆಯ ಮೊದಲ ಮಳೆಗೆ ಬೀಸಿದ ಗಾಳಿಯಲ್ಲಿ ಪಕ್ಕದ ಮನೆಯ ಸಿಲ್ವರ್ ಓಕ್ ಮರ ಬುಡಮೇಲಾಗಿ ಅವರ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ಬಿತ್ತು. ಆ ಮನೆಯ ಮುನಿಯಮ್ಮನವರು ನೆನೆದುಕೊಂಡೇ ನಮ್ಮ ಬಾಗಿಲಿಗೆ ಓಡಿ ಬಂದರು. ವಯಸ್ಸಾದ ಹೆಂಗಸು, ಅವರಿಗಿರುವುದು ಅದೊಂದೇ ಹಸು.

"ಬಿರ್ನೆ ಬಾರಪ್ಪಾ, ನಿನ್ ಮಿಷನ್ ತಗೊಂಡು. ಹಸ ಒಳಗೇ ಐತೆ, ದಿನ ತುಂಬೈತೆ ಅದ್ಕೆ."

ಗರಗಸ ಹೊತ್ತು ಓಡಿದೆ. ಊರಿನವರು ಸೇರಿ ದಾರಿ ಬಿಟ್ಟರು. ಮಾಡಿನ ಶೀಟು ಬಗ್ಗಿತ್ತು. ಒಳಗಿನಿಂದ ಹಸುವಿನ ನರಳಾಟ ಕೇಳಿಸುತ್ತಿತ್ತು. ಗರಗಸದ ಹಗ್ಗ ಎಳೆದೆ, ಎಂಜಿನ್ ಶುರುವಾಯಿತು, ಚೈನು ಮಾತ್ರ ಕದಲಲಿಲ್ಲ. ತಿಂಗಳುಗಟ್ಟಲೆ ಒಳಗೇ ಕೂತ ಕಜ್ಜಾಯದ ಎಣ್ಣೆ ಹಲಸಿನ ಅಂಟಿನ ಹಾಗೆ ಗಟ್ಟಿಯಾಗಿ ಅದನ್ನು ಅಲಗಿಗೆ ಮೆತ್ತಿಬಿಟ್ಟಿತ್ತು. ಇನ್ನಷ್ಟು ಪೆಟ್ರೋಲು ಕೊಟ್ಟೆ. ಸದ್ದು ಊರು ಸೀಳಿತು. ಹೊಗೆ ಎದ್ದಿತು, ಸೀದ ಕಜ್ಜಾಯದ ಹೊಗೆ. ಮರಕ್ಕೆ ಒಂದು ಗೀರೂ ಬೀಳಲಿಲ್ಲ.

ಅಷ್ಟರಲ್ಲಿ ಕೊಟ್ಟಿಗೆಯ ಹಿಂದೆ ಏನೋ ಚಟಪಟ ಮುರಿದ ಸದ್ದಾಯಿತು. ಹಿಂಭಾಗಕ್ಕೆ ಇದ್ದದ್ದು ಗೋಡೆಯಲ್ಲ, ತೆಂಗಿನ ಗರಿಯ ತಡಿಕೆ. ಗಾಬರಿಯಲ್ಲಿ ನಾವ್ಯಾರೂ ಆ ಕಡೆ ಹೋಗಿಯೇ ಇರಲಿಲ್ಲ. ನನ್ನ ಸದ್ದಿಗೂ ಹೊಗೆಗೂ ಬೆದರಿದ ಹಸು ಗೂಟ ಕಿತ್ತು, ತಡಿಕೆ ಸೀಳಿ, ಹೊಟ್ಟೆ ಹೊತ್ತುಕೊಂಡು ಹೊರಗೆ ಬಂದಿತ್ತು. ಬಂದದ್ದೇ ನಿಂತು ಬಾಳೆಗಿಡಕ್ಕೆ ಬಾಯಿ ಹಾಕಿತು. ಮುನಿಯಮ್ಮನವರು ಅದರ ಕುತ್ತಿಗೆ ತಬ್ಬಿಕೊಂಡು ಅತ್ತರು. ಮರವನ್ನು ಮರುದಿನ ನಾಲ್ವರು ಕೊಡಲಿಯಲ್ಲಿ ಕಡಿದರು. ನಾನು ಸೊಪ್ಪು ಎಳೆದು ಹಾಕಿದೆ.

ವಾರದೊಳಗೆ ಹಸು ಕರು ಹಾಕಿತು. ಮುನಿಯಮ್ಮನವರು ಗಿಣ್ಣು ತಂದರು. ನನ್ನ ಮಿಷನ್ನಿನಿಂದಲೇ ಎರಡು ಜೀವ ಉಳಿಯಿತೆಂದು ಅವರು ಆಗಲೇ ಊರಿಗೆಲ್ಲ ಹೇಳಿಬಿಟ್ಟಿದ್ದರು. ಅದು ಒಂದು ಕಡ್ಡಿಯನ್ನೂ ಕೊಯ್ದಿರಲಿಲ್ಲ ಎಂದು ನಾನೇ ಹೇಳಿದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

"ಗಂಡ್ಗರ ಆಗಿದ್ರೆ ನಿನ್ ಹೆಸ್ರೇ ಇಡ್ತಿದ್ದೆ ಕಣಪ್ಪಾ. ಹೆಣ್ಗರ ಆಯ್ತು. ಅದ್ಕೇ ಸರೋಜಾ ಅಂತ ಇಟ್ಬಿಟ್ಟೆ."

ಎಣ್ಣೆ ಅವಳದೇ ಆದ್ದರಿಂದ ಮರ್ಯಾದೆ ಅವಳಿಗೆ ಸೇರಿದ್ದು ನ್ಯಾಯವೇ. ಸರೋಜಳೂ ಬೇಸರಪಟ್ಟುಕೊಳ್ಳಲಿಲ್ಲ, ದಿನಾ ಹೋಗಿ ಕರುವಿನ ಕತ್ತಿನಡಿಯ ಗಂಗೆದೊಗಲು ನೇವರಿಸಿ ಬರುತ್ತಾಳೆ. ಈಗ ಸಂಜೆ ಹಾಲು ಕರೆಯುವ ಹೊತ್ತಿಗೆ ಪಕ್ಕದ ಹಿತ್ತಲಿನಿಂದ, "ಸರೋಜಾ, ಸುಮ್ಕೆ ನಿಂತ್ಕೊಳ್ಳೇ" ಎಂಬ ಗದರಿಕೆ ಕೇಳಿಸುತ್ತದೆ. ಹಾಗೆ ಗದರಿಸುವ ಧೈರ್ಯ ಈ ಬೀದಿಯಲ್ಲಿ ಒಬ್ಬರಿಗಾದರೂ ಇದೆಯಲ್ಲ ಎಂದುಕೊಂಡು, ನಾನು ಅಂಗಳದಲ್ಲಿ ಕೂತು ಸೀಮೆಎಣ್ಣೆಯ ಬಟ್ಟೆಯಿಂದ ಚೈನಿನ ಹಲ್ಲುಗಳನ್ನು ಒಂದೊಂದಾಗಿ ಉಜ್ಜುತ್ತೇನೆ.