ಸಿ ಮೇಜರ್ ಕಲಿಯದ ನನ್ನ ಎಡಗೈ

ಎಲ್ಲರ ಕೈಗಳೂ ತಂತಮ್ಮ ಪಾಡಿಗೆ ಇರುತ್ತವೆ. ಒಂದು ಕೈ ಫೋನ್ ಹಿಡಿದಿದ್ದರೆ ಇನ್ನೊಂದು ಬೋಂಡಾ ಹಿಡಿದಿರುತ್ತದೆ, ಎರಡಕ್ಕೂ ಜಗಳವಿಲ್ಲ. ನನ್ನವು ಹಾಗಲ್ಲ. ಬಲಗೈ ಏನನ್ನಾದರೂ ಒತ್ತಿದರೆ ಎಡಗೈಯೂ ಓಡಿಬಂದು ಪಕ್ಕದಲ್ಲಿ ಸಿಕ್ಕಿದ್ದನ್ನು ಒತ್ತಲೇಬೇಕು. ಹೊಸೂರಿನಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋದಾಗ ಅವರ ಮನೆಯ ಬೆಲ್ ಒತ್ತಿದೆ. ಎಡಗೈ ಪಕ್ಕದ ಮನೆಯ ಬೆಲ್ ಒತ್ತಿತು. ಎರಡು ಬಾಗಿಲುಗಳೂ ಒಟ್ಟಿಗೆ ತೆರೆದವು. ಪಕ್ಕದ ಮನೆಯವರು ಪಾಪ, ಕಾಫಿ ಕುಡಿದು ಹೋಗಿ ಎಂದರು. ಲಿಫ್ಟಿನಲ್ಲಿ ನನ್ನ ಜೊತೆ ಬಂದವರು ಯಾವಾಗಲೂ ಎರಡು ಮಹಡಿ ನೋಡಿಯೇ ಮನೆ ಸೇರುತ್ತಾರೆ.

ಇದಕ್ಕೆ ಕಾರಣ ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಪ್ರೆಸ್ ಮೆಷಿನ್ ನಡೆಸುತ್ತಿದ್ದೇನೆ. ತಗಡಿನ ಹಾಳೆಯನ್ನು ಕೆಳಗಿಟ್ಟು ಬಟನ್ ಒತ್ತಿದರೆ ಮೇಲಿನಿಂದ ಭಾರಿ ಅಚ್ಚು ಇಳಿದು ಅದನ್ನು ಬಗ್ಗಿಸುತ್ತದೆ. ಬಟನ್ ಒಂದಲ್ಲ, ಎರಡು. ಎರಡನ್ನೂ ಎರಡು ಕೈಯಿಂದ ಒಂದೇ ಕ್ಷಣಕ್ಕೆ ಒತ್ತಿದರೆ ಮಾತ್ರ ಮೆಷಿನ್ ಇಳಿಯುತ್ತದೆ. ಆಗ ಯಾವ ಕೈಯೂ ಅಚ್ಚಿನ ಕೆಳಗೆ ಇರುವುದಿಲ್ಲ. ನನಗೆ ಕೆಲಸ ಕಲಿಸಿದ ಮುನಿಯಪ್ಪಣ್ಣನ ಕಾಲದಲ್ಲಿ ಒಂದೇ ಬಟನ್ ಇತ್ತಂತೆ. ಅವನ ಎಡಗೈಯಲ್ಲಿ ಮೂರೇ ಬೆರಳು. ಮೊದಲ ದಿನವೇ ಆ ಕೈಯನ್ನು ನನ್ನ ಮುಖದ ಮುಂದೆ ಹಿಡಿದು, "ಒಂದ್ ಕೈ ಹೋದ್ ಕಡೆ ಇನ್ನೊಂದೂ ಹೋಗ್ಬೇಕು ಕಣ್ಲಾ. ಒಂಟಿಯಾಗ್ ತಿರುಗಾಡಕ್ ಬಿಟ್ರೆ ಮನೆಗ್ ವಾಪಸ್ ಬರಲ್ಲ," ಎಂದಿದ್ದ. ನಾನು ಅಷ್ಟು ಶ್ರದ್ಧೆಯಿಂದ ಶಾಲೆಯಲ್ಲಿ ಯಾವ ಪಾಠವನ್ನೂ ಕಲಿತವನಲ್ಲ. ನನ್ನ ಹೆಂಡತಿ ಸರೋಜ ಇವತ್ತಿಗೂ ನಾನು ಕೆಲಸದಿಂದ ಬಂದ ಕೂಡಲೇ ಮುಖ ನೋಡುವುದಿಲ್ಲ, ಮೊದಲು ಕೈ ನೋಡುತ್ತಾಳೆ. ಹತ್ತು ಬೆರಳೂ ಇದ್ದರೆ ಕಾಫಿಗೆ ನೀರಿಡುತ್ತಾಳೆ.

ಹೀಗೆ ನೆಮ್ಮದಿಯಾಗಿದ್ದ ನನ್ನ ಬಾಳಿಗೆ ಸಂಗೀತ ಬಂದದ್ದು ಮಗಳು ಚೈತ್ರಾಳಿಂದ. ಎಂಟನೇ ಕ್ಲಾಸು. ಬಾಗಲೂರಿನ ನಮ್ಮ ಮನೆಯ ಹತ್ತಿರ ಒಂದು ಮೆಡಿಕಲ್ ಶಾಪಿನ ಮಹಡಿಯ ಮೇಲೆ ಕೀಬೋರ್ಡ್ ಕಲಿಯುತ್ತಾಳೆ. ಕಲಿಸುವವರು ತಮಿಳು ಮೇಷ್ಟ್ರು, ಬಹಳ ಸಾಧು. ಈ ವರ್ಷದ ಕಾರ್ಯಕ್ರಮಕ್ಕೆ ಅವರೊಂದು ಏರ್ಪಾಟು ಮಾಡಿದರು: ಪ್ರತಿ ಮಗುವೂ ಒಂದು ಚಿಕ್ಕ ಮಟ್ಟು ನುಡಿಸಬೇಕು, ಮನೆಯವರೊಬ್ಬರು ಪಕ್ಕದಲ್ಲಿ ಕೂತು ಅದಕ್ಕೆ ಸಿ ಮೇಜರ್ ಕೊಡಬೇಕು. ಸಿ ಮೇಜರ್ ಎಂದರೆ ಮೂರು ಬಿಳಿ ಕೀ ಒಟ್ಟಿಗೆ ಒತ್ತಿ ಹಿಡಿಯುವುದು, ಅಷ್ಟೇ. ಸಾಲಿನಲ್ಲಿ ಒಂದು ಕೀ ಒತ್ತು, ಪಕ್ಕದ್ದು ಬಿಡು, ಮುಂದಿನದು ಒತ್ತು, ಅದರ ಪಕ್ಕದ್ದು ಬಿಡು, ಇನ್ನೊಂದು ಒತ್ತು. ಮಟ್ಟು ಮುಗಿಯುವ ಹೊತ್ತಿಗೆ ಮೂರನ್ನೂ ಹೀಗೆ ಎಂಟು ಸಲ.

ಚೈತ್ರಾ ಇದನ್ನು ಹೇಳಿದ್ದು ನನ್ನ ಮುಖ ನೋಡಿ ಅಲ್ಲ, ಗೋಡೆ ನೋಡಿ. "ಅಪ್ಪಾ, ನಿಂಗಾಯ್ತದಾ? ಆಗಲ್ಲ ಅಂದ್ರೆ ಈಗ್ಲೇ ಹೇಳ್ಬುಡು, ಕೆಲಮಂಗಲದ ಮಾವನ್ನ ಕೇಳ್ತೀನಿ." ಹೋದ ವರ್ಷ ಬಂದೇ ಬರುತ್ತೇನೆ ಎಂದು ಹೇಳಿ, ಸೆಕೆಂಡ್ ಶಿಫ್ಟಿಗೆ ಸಿಕ್ಕಿಕೊಂಡು ಅವಳ ಕಾರ್ಯಕ್ರಮಕ್ಕೆ ಹೋಗಿರಲಿಲ್ಲ. ಅವಳು ಅದನ್ನು ಒಂದು ದಿನವೂ ಎತ್ತಿ ಆಡಿಲ್ಲ. ಎತ್ತಿ ಆಡಿದ್ದರೆ ಎಷ್ಟೋ ವಾಸಿಯಿತ್ತು. ಮೇಲಾಗಿ ಅವಳ ಮಾವ ಮದುವೆ ಮನೆಯಲ್ಲಿ ಮೈಕ್ ಸಿಕ್ಕರೆ ಬಿಡದ ಆಸಾಮಿ. ನನ್ನ ಮಗಳ ಪಕ್ಕದಲ್ಲಿ ಆ ಮನುಷ್ಯ ಕೂರುವುದನ್ನು ನೆನೆಸಿಕೊಂಡು, "ಮೂರು ಕೀ ತಾನೆ, ನಾನ್ ಒತ್ತೀನಿ," ಎಂದುಬಿಟ್ಟೆ.

ಅವತ್ತೇ ಕೂತೆ. ಹೆಬ್ಬೆರಳು, ನಡುಬೆರಳು, ಕಿರುಬೆರಳನ್ನು ಮಗಳೇ ಹಿಡಿದು ಒಂದೊಂದು ಕೀಯ ಮೇಲೆ ಕೂರಿಸಿದಳು. ನನ್ನ ಬೆರಳುಗಳ ಪಕ್ಕದಲ್ಲಿ ಅವಳವು ಹುರುಳಿಕಾಯಿಯಷ್ಟೇ ಇದ್ದವು. "ಈಗ ಒತ್ತು," ಎಂದಳು. ಒತ್ತಿದೆ. ಬಲಗೈಯ ಮೂರು ಸ್ವರಗಳು ಬಂದವು. ಎಡಗೈ ಇಡೀ ಅಂಗೈಯಿಂದ ಇನ್ನೈದು ಸ್ವರಗಳನ್ನು ಸೇರಿಸಿತು. ಕೆಳಗಿನ ಮನೆಯ ತೆಲುಗಿನ ಅಜ್ಜಿ, ಲಾರಿ ಹಿಂದಕ್ಕೆ ಬರುತ್ತಿದೆಯೇನೋ ಎಂದು ತಮ್ಮ ಗಾಡಿ ನೋಡಲು ಹೊರಗೆ ಬಂದರಂತೆ.

ಅಲ್ಲಿಂದ ಎರಡು ವಾರ ನಾನು ಎಡಗೈಯನ್ನು ಅಡಗಿಸಿಡಲು ಪಟ್ಟ ಪಾಡು ದೇವರಿಗೇ ಗೊತ್ತು. ಜೇಬಿನಲ್ಲಿಟ್ಟೆ, ಜೇಬು ಹರಿಯಿತು. ತೊಡೆಯ ಕೆಳಗಿಟ್ಟುಕೊಂಡು ಕೂತೆ; ಬಲಗೈ ಒತ್ತಿದಾಗಲೆಲ್ಲ ನಾನೇ ಒಂದು ಪಕ್ಕಕ್ಕೆ ಎದ್ದು ಎದ್ದು ಕೂರುತ್ತಿದ್ದೆ. ಕೊನೆಗೆ ಚೈತ್ರಾ ತುಂಬಿದ ಕಾಫಿ ಲೋಟ ಕೊಟ್ಟು, ಇದು ಕೈಯಲ್ಲಿದ್ದರೆ ಹೆದರಿಕೆಗಾದರೂ ಸುಮ್ಮನಿರುತ್ತದೆ ಎಂದಳು. ಕೀಬೋರ್ಡ್ ಮೇಲೆ ಬೀಳಬೇಕಾದ ಕಾಫಿ ದೇವರ ದಯೆಯಿಂದ ನನ್ನ ಮೇಲೆ ಬಿತ್ತು. ಅವಳು ಬೈಯಲಿಲ್ಲ. ಕೀಗಳ ಮೇಲೆ ಸಿಡಿದಿದ್ದ ಒಂದೆರಡು ಹನಿ ಒರೆಸುತ್ತಾ, "ಪರವಾಗಿಲ್ಲ ಬಿಡಪ್ಪ, ಎಂಟು ಸಲದಾಗೆ ನಾಕ್ ಸಲ ಸರಿ ಬಂದ್ರೂ ಸಾಕು," ಎಂದಳು. ಮಕ್ಕಳು ನಮ್ಮನ್ನು ಸಮಾಧಾನ ಮಾಡತೊಡಗಿದರೆ ನಾವು ಬಹಳ ಕೆಳಗಿಳಿದಿದ್ದೇವೆ ಎಂದೇ ಅರ್ಥ. ನನಗೆ ಅಳು ಬಂದಂತಾಯಿತು. ಕಾಫಿ ಬಿಸಿಯಿತ್ತು ಎಂದು ಹೇಳಿ ಮುಖ ತೊಳೆಯಲು ಎದ್ದೆ.

ನಾನು ವಾಪಸ್ ಬಂದು ಕೂತಾಗ, ಅಡುಗೆಮನೆಯಿಂದ ಇದನ್ನೆಲ್ಲ ಕೇಳಿಸಿಕೊಂಡಿದ್ದ ಸರೋಜ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನನ್ನ ಎಡಕ್ಕೆ ಕೂತಳು. ನನ್ನ ಎಡಗೈಯನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಳು. "ನೀವ್ ಒತ್ಕಳ್ಳಿ. ಇದನ್ನ ನಾನ್ ಇಟ್ಕಂಡಿರ್ತೀನಿ." ಒತ್ತಿದೆ. ಮೂರೇ ಸ್ವರ. ಮನೆಯೊಳಗೆ ಯಾರೋ ಕಿಟಕಿ ತೆರೆದ ಹಾಗಿತ್ತು. ಮದುವೆಯಾಗಿ ಹದಿನೇಳು ವರ್ಷ. ಧಾರೆಯ ದಿನ ಪುರೋಹಿತರು ಹಿಡಿಸಿದ್ದು ಬಿಟ್ಟರೆ ನಾವು ಕೈ ಹಿಡಿದು ಕೂತವರಲ್ಲ. ನಮ್ಮ ಕಡೆ ಅದೆಲ್ಲ ಇಲ್ಲ. ಅವಳ ಅಂಗೈ ಅಷ್ಟು ಒರಟಾಗಿರುವುದು ನನಗೆ ಗೊತ್ತೇ ಇರಲಿಲ್ಲ. ಹೀಗೆ ನಾವು ದಿನವೂ ಒಂದರ್ಧ ಗಂಟೆ ಅಭ್ಯಾಸಕ್ಕೆ ಕೂರತೊಡಗಿದೆವು.

ಕಾರ್ಯಕ್ರಮದ ದಿನ ರಜೆ ಹಾಕಿದೆ. ಉಳಿದ ಮಕ್ಕಳು ಒಬ್ಬೊಬ್ಬರನ್ನು ಕರೆದುಕೊಂಡು ವೇದಿಕೆ ಹತ್ತಿದರೆ ನಾವು ಮೂವರು ಹತ್ತಿದೆವು. ಮೇಷ್ಟ್ರು ಗಾಬರಿಯಾಗಿ, ಮೇಡಂ ಏನು ನುಡಿಸುತ್ತಾರೆ ಎಂದು ತಮಿಳಿನಲ್ಲಿ ಕೇಳಿದರು. ಚೈತ್ರಾ ಸ್ವಲ್ಪವೂ ನಗದೆ, ಅಮ್ಮ ಅಪ್ಪನ ಎಡಗೈ ನೋಡಿಕೊಳ್ಳುತ್ತಾರೆ ಸರ್ ಎಂದು ತಮಿಳಿನಲ್ಲೇ ಉತ್ತರ ಕೊಟ್ಟಳು. ಅವರು ಇನ್ನೊಂದು ಕುರ್ಚಿ ಹಾಕಿಸಿದರು.

ಮಗಳು ನುಡಿಸತೊಡಗಿದಳು. ಒಂದು, ಎರಡು, ಮೂರು ಸರಿಯಾಗಿ ಬಂದವು. ನಾಲ್ಕನೆಯದಕ್ಕೆ ಮುಂದಿನ ಸಾಲಿನಲ್ಲಿ ಯಾರದೋ ಫೋನ್ ಕೂಗಿತು. ಬೆಚ್ಚಿದೆ, ಎಡಗೈ ಎಗರಿತು. ಸರೋಜ ಅದನ್ನು ಮಡಿಲಿಗೆ ಅದುಮಿದ ರಭಸಕ್ಕೆ ಅವಳ ಒಂದು ಬಳೆ ಒಡೆಯಿತು. ಬಿಡಲಿಲ್ಲ. ಎಂಟನೆಯದನ್ನು ಮಗಳು ಕೈ ಎತ್ತುವ ತನಕ ಹಿಡಿದಿರಬೇಕು, ಹಿಡಿದಿದ್ದೆ. ಅವಳು ಕೈ ಎತ್ತಿ ನನ್ನ ಕಡೆ ತಿರುಗಿದಳು. ಈ ಸಲ ಗೋಡೆ ನೋಡಲಿಲ್ಲ, ನನ್ನ ಮುಖವನ್ನೇ ನೋಡಿದಳು. ಜನ ಚಪ್ಪಾಳೆ ತಟ್ಟಿದರಂತೆ, ನನಗೆ ಕೇಳಿಸಲಿಲ್ಲ.

ಮಾರನೆಯ ದಿನ ಫ್ಯಾಕ್ಟರಿಯಲ್ಲಿ ತಗಡಿಟ್ಟು ಬಟನ್ ಒತ್ತಿದೆ. ಮೆಷಿನ್ ಇಳಿಯಲಿಲ್ಲ. ಮತ್ತೆ ಒತ್ತಿದೆ, ಇಳಿಯಲಿಲ್ಲ. ಮೆಕ್ಯಾನಿಕ್ಕನ್ನು ಕರೆಯಬೇಕೆಂದು ತಿರುಗುವಾಗ ಕಣ್ಣಿಗೆ ಬಿತ್ತು: ಬಲಗೈ ಒಂದೇ ಒತ್ತುತ್ತಿದೆ, ಎಡಗೈ ಯಾರೋ ಹಿಡಿದಿದ್ದಾರೆ ಎಂಬಂತೆ ಪಕ್ಕದಲ್ಲಿ ಸುಮ್ಮನೆ ಕಾಯುತ್ತಿದೆ. ಅಂತೂ ಅದು ಕಲಿತಿತ್ತು. ಇನ್ನು ಮನೆಯಲ್ಲಿ ಅದನ್ನು ಯಾರೂ ಹಿಡಿಯಬೇಕಾಗಿರಲಿಲ್ಲ.

ಸಾಯಂಕಾಲ ಮನೆಗೆ ಬಂದೆ. ಸರೋಜ ಬೆರಳುಗಳನ್ನು ನೋಡಿ ಕಾಫಿಗಿಡಲು ಒಳಗೆ ಹೋದಳು. ಈ ಸುದ್ದಿಯನ್ನು ಹೇಳೋಣವೆಂದೇ ಬಂದಿದ್ದೆ. ಕೀಬೋರ್ಡ್ ಮುಂದೆ ಕೂತು ಬಲಗೈಯ ಮೂರು ಬೆರಳುಗಳನ್ನು ಸರಿಯಾಗಿ ಇಟ್ಟೆ. ಆಮೇಲೆ ಸುಮ್ಮನಿದ್ದ ಎಡಗೈಯನ್ನು ನಾನೇ ಎತ್ತಿ, ಕೆಳಗಿನ ಅಜ್ಜಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ, ಅಂಗೈ ಪೂರ್ತಿ ಅಗಲಿಸಿ ಬಡಿದೆ. "ತಿರ್ಗಾ ಶುರುವಾಯ್ತಾ ಅದು? ಇರಿ, ಬಂದೆ," ಎಂದಿತು ಅಡುಗೆಮನೆ.